ಫಕೀರಪ್ಪನ ಹಲಗೆ ನನಗೆ ಕಲಿಸಿದ್ದು

ನಾನು ಒಂದು ತಂತ್ರಾಂಶ. ದೊಡ್ಡ ಹಾಡನ್ನು ಹಿಂಡಿ ಪುಟ್ಟ ಕಡತ ಮಾಡುವುದು ನನ್ನ ಕಸುಬು. ದೂರದೇಶದ ವಿದ್ಯಾರ್ಥಿಯೊಬ್ಬ ನನ್ನನ್ನು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಲೋಕದ ಕೈಗಿಟ್ಟ. ಅಂದಿನಿಂದ ನನಗೆ ಒಡೆಯರಿಲ್ಲ, ಊರ ತುಂಬ ನೆಂಟರು. ಕಿವಿಗೆ ಕೇಳಿಸದ್ದನ್ನು ಬಿಸಾಡಿ ಕೇಳಿಸುವುದನ್ನು ಉಳಿಸುತ್ತೇನೆ. ಪಿಟೀಲು, ಕೊಳಲು, ಭಾಷಣ, ಏನು ಕೊಟ್ಟರೂ ಸೈ ಅನ್ನಿಸಿಕೊಂಡು ನನಗೆ ತುಸು ಕೊಂಬೇ ಬಂದಿತ್ತು.

ಆ ಕೊಂಬು ಮುರಿದದ್ದು ಬಾಗಲಕೋಟೆಯಲ್ಲಿ. ಅಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ದಾನಮ್ಮ ನನ್ನನ್ನು ತಂದದ್ದು ತನ್ನ ಕಾಕಾ ಫಕೀರಪ್ಪನಿಗಾಗಿ. ಹೋಳಿಯಲ್ಲಿ ಹಲಗೆ ಬಾರಿಸಿ ಹೆಸರಾದವನ ಬಲಗೈ ಲಕ್ವ ಹೊಡೆದು ಬಿದ್ದುಹೋಗಿತ್ತು. ಉಳಿದದ್ದು ಅವನು ಬಾರಿಸಿದ್ದರ ಒಂದು ಹಳೆಯ ಕ್ಯಾಸೆಟ್. ಅದನ್ನು ಚಿಕ್ಕದು ಮಾಡಿ ಶಿಷ್ಯರ ಫೋನಿಗೆ ಕಳಿಸಿದರೆ ತನ್ನ ವಿದ್ಯೆ ಉಳಿದೀತೆಂದು ಅವನ ಆಸೆ.

ನಾನು ಹಿಂಡಿಕೊಟ್ಟೆ. ಮುದುಕ ಕೇಳಿ ಮುಖ ಕಿವುಚಿದ.

"ಇದು ನನ್ನ ಕೈ ಅಲ್ಲ ಬಿಡ ದಾನವ್ವ. ಕಡ್ಡಿ ಬೀಳೂಕಿಂತ ಮೊದ್ಲ ಏನೋ ಬುಸ್ ಅಂತೈತಿ. ಹುಡುಗ್ರು ಇದನ್ನ ಕೇಳಿ ಕಲತ್ರ ಪೆಟ್ಟ ಕೆಡತೈತಿ."

ನನಗೆ ಅವಮಾನವಾಯಿತು, ಆದರೆ ಮಾತು ನಿಜ. ನಾನು ಧ್ವನಿಯನ್ನು ತುಂಡುತುಂಡಾಗಿ ಕತ್ತರಿಸುತ್ತೇನೆ. ತುಂಡು ಉದ್ದವಾದರೆ ಪೆಟ್ಟಿನ ಗದ್ದಲ ಅದರ ಹಿಂದಿನ ಮೌನಕ್ಕೂ ಚೆಲ್ಲುತ್ತದೆ. ದಾನಮ್ಮ ಮೂರು ತಿಂಗಳು ನನ್ನ ಹೊಟ್ಟೆ ಬಗೆದು, ಪೆಟ್ಟು ಬರುವಲ್ಲಿ ತುಂಡು ಸಣ್ಣದಾಗುವಂತೆ ತಿದ್ದಿದಳು.

ನನ್ನನ್ನು ತಿದ್ದುವವರ ಬಳಗದಲ್ಲೊಂದು ಕಟ್ಟಳೆಯಿದೆ: ಕಿವಿ ಒಪ್ಪದ ತಿದ್ದುಪಡಿಯನ್ನು ಯಾರೂ ಒಪ್ಪುವುದಿಲ್ಲ. ಮೂಲ ಯಾವುದು, ಹಿಂಡಿದ್ದು ಯಾವುದು ಎಂದು ಹೇಳದೆ ಹದಿನಾರು ಸಲ ಕೇಳಿಸಬೇಕು. ಹಳೆಯ ನನ್ನನ್ನು ಫಕೀರಪ್ಪ ಹದಿನಾರು ಸಲವೂ ಹಿಡಿದುಹಾಕಿದ. ಆಮೇಲೆ ಹೊಸ ನನ್ನ ಸರದಿ.

"ಹೇಳ್ರಿ ಕಾಕಾ, ಇದರಾಗ ಕ್ಯಾಸೆಟ್ಟಿಂದು ಯಾವುದು?"

ಮುದುಕ ಕಣ್ಣು ಮುಚ್ಚಿ ಕೂತ. ಎಡಗೈ ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಒಮ್ಮೆ ತಪ್ಪಿದ, ಮತ್ತೆ ತಪ್ಪಿದ, ಕೊನೆಗೆ ಹದಿನಾರರಲ್ಲಿ ಎಂಟು ಸಲ ತಪ್ಪಿದ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಸೋತವನೊಬ್ಬ ಅಷ್ಟು ಖುಷಿಯಾಗಿ ನಕ್ಕದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಸಾಕ ಬಿಡವ್ವ. ಎರಡೂ ನನ್ನ ಕೈನ."

ಈಗ ನನಗೆ ವಯಸ್ಸಾಗಿದೆ. ನನಗಿಂತ ಚುರುಕಾದವರು ಬಂದಿದ್ದಾರೆ, ಹೊಸಬರು ನನ್ನನ್ನು ಕೇಳುವುದಿಲ್ಲ. ಫಕೀರಪ್ಪನೂ ತೀರಿಕೊಂಡ. ನನ್ನನ್ನು ತಿದ್ದಿದವರ ಪಟ್ಟಿಯಲ್ಲಿ, ನನ್ನದೊಂದು ಸಾಲನ್ನೂ ಬರೆಯದ ಅವನ ಹೆಸರನ್ನು ದಾನಮ್ಮ ತನ್ನ ಹೆಸರಿಗಿಂತ ಮೇಲೆ ಹಾಕಿದ್ದಾಳೆ. ಅದು ನನ್ನ ಮೈಮೇಲಿನ ಬಿರುದು.

ಹೋಳಿ ಹತ್ತಿರ ಬಂದಾಗ ಅವನ ಶಿಷ್ಯರು ಫೋನು ಕಿವಿಗಿಟ್ಟು, ಗುರುವಿನ ಪೆಟ್ಟು ಕೇಳಿ, ಹಲಗೆ ಎತ್ತಿಕೊಳ್ಳುತ್ತಾರೆ. ಆ ಪೆಟ್ಟಿಗೆ ಮುಂಚೆ ಏನೂ ಇಲ್ಲ, ಬರೀ ಮೌನ. ಅದನ್ನು ಕಾಯುತ್ತಿರುವುದು ನಾನು.