ಒಣಮೀನು ಹಿಡಿದ ಕೈ

ಕೆಂಪಿ ಯಾರನ್ನೂ ಕಚ್ಚಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವೆಂಕಟರಮಣ ಅಂಕಲ್ ಬರೆದ ದೂರಿನಲ್ಲಿ ಕಚ್ಚಿತೆಂದೇ ಇತ್ತು.

ತಿರುವನಂತಪುರದಲ್ಲಿ, ಉಳ್ಳೂರಿಗೆ ಹತ್ತಿರ, ಅಪ್ಪನ ಸಂಸ್ಥೆಯ ಕ್ವಾರ್ಟರ್ಸ್. ನಮ್ಮ ಬ್ಲಾಕಿನ ಮೆಟ್ಟಿಲ ಕೆಳಗೆ ಬೀದಿನಾಯಿ ಕೆಂಪಿ ಮೂರು ಮರಿ ಹಾಕಿತ್ತು. ವೆಂಕಟರಮಣ ಅಂಕಲ್ ತಮ್ಮ ಆಲ್ಸೇಷಿಯನ್ ಸೀಸರ್‌ನನ್ನು ಚೈನಿನಲ್ಲಿ ಹಿಡಿದು ಅದೇ ದಾರಿಯಲ್ಲಿ ವಾಕಿಂಗ್ ಹೋಗುವರು. ಮರಿಗಳ ಹತ್ತಿರ ಸೀಸರ್ ಬಂದಾಗ ಕೆಂಪಿ ಬೊಗಳಿತು. ಅಷ್ಟೇ. ಮರುದಿನ ಅವರು ಅದಕ್ಕೆ ಹುಚ್ಚು ಹಿಡಿದಿದೆ, ಕಚ್ಚಲು ಬಂದಿದೆ, ಒಬ್ಬರನ್ನು ಕಚ್ಚಿಯೂ ಇದೆ ಎಂದು ಬರೆದರು. ಅವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಆಫೀಸಿನಲ್ಲಿ ಅಪ್ಪನ ಮೇಲಧಿಕಾರಿ. ಅಪ್ಪನ ಕಾನ್ಫಿಡೆನ್ಷಿಯಲ್ ರಿಪೋರ್ಟ್ ಬರೆಯುವವರು. ಸಾಕ್ಷಿಗೆ ಒಂದು ಸಹಿ ಬೇಕಿತ್ತು. ಅಪ್ಪ ಶರ್ಟಿನ ಜೇಬಿನಿಂದ ಪೆನ್ನು ತೆಗೆದು ‘ನಟರಾಜ’ ಎಂದು ಬರೆದುಕೊಟ್ಟರು.

ನಾಯಿ ಹಿಡಿಯುವವರು ಬೆಳಿಗ್ಗೆ ಹತ್ತಕ್ಕೆ ಬಂದರು. ಖಾಕಿ ಚಡ್ಡಿ, ಕೈಯಲ್ಲಿ ತಂತಿಯ ಕುಣಿಕೆ. ಕೆಂಪಿಯನ್ನೂ ಎರಡು ಮರಿಗಳನ್ನೂ ಒಯ್ದರು. ಮೂರನೆಯದು ಅಪ್ಪನ ಸ್ಕೂಟರಿನ ಅಡಿಗೆ ನುಗ್ಗಿದ್ದರಿಂದ ಉಳಿಯಿತು. ಅಲ್ಲಿಂದ ಅದು ಎಲ್ಲವನ್ನೂ ನೋಡಿತ್ತು. ನಾನು ಕಿಟಕಿಯಿಂದ ನೋಡಿದ್ದೆ.

ಮರಿ ಬೆಲ್ಲದ ಬಣ್ಣದ್ದು. ಅದನ್ನು ಬೆಲ್ಲ ಎಂದೇ ಕರೆದೆ. ಆಮೇಲೆ ಎರಡು ತಿಂಗಳು ಅದು ಯಾವ ಹೊಸಬರು ಬಂದರೂ ನೆಲಕ್ಕೆ ಅಂಟಿಕೊಂಡು ಉಚ್ಚೆ ಹೊಯ್ಯುತ್ತಿತ್ತು. ಹತ್ತಿರ ಹೋದರೆ ಹಲ್ಲು ತೋರಿಸುತ್ತಿತ್ತು. ವೆಂಕಟರಮಣ ಅಂಕಲ್‌ಗೆ ಅಷ್ಟು ಸಾಕಾಯಿತು. ಹೊಸಬರನ್ನು ಕಂಡು ಗುರ್ರೆನ್ನುವ ಬೀದಿನಾಯಿಯನ್ನು ಕ್ವಾರ್ಟರ್ಸಿನಿಂದ ಹೊರಹಾಕಬೇಕೆಂದು ನೋಟಿಸ್ ತಯಾರು ಮಾಡಿದರು. ಅಕ್ಟೋಬರ್ ಎರಡನೆಯ ಭಾನುವಾರ ಪಶುವೈದ್ಯರೊಬ್ಬರು ಬಂದು ನೋಡುವುದೆಂದು ಗೊತ್ತಾಯಿತು.

ನಾನು ಆಗ ಡಿಗ್ರಿ ಎರಡನೆಯ ವರ್ಷ. ಒಂದು ಅರ್ಜಿ ಬರೆದು ಅವರ ಮನೆಗೇ ಹೋದೆ. ಈ ಪರೀಕ್ಷೆ, ಈ ನಿಯಮ ಕ್ವಾರ್ಟರ್ಸಿನ ಎಲ್ಲ ನಾಯಿಗಳಿಗೂ ಅನ್ವಯವಾಗಲಿ ಎಂಬ ಒಂದೇ ಸಾಲು.

ಅವರು ನಕ್ಕರು. “ಸೀಸರ್‌ಗೆ ಪೆಡಿಗ್ರೀ ಸರ್ಟಿಫಿಕೇಟ್ ಇದೆಯಮ್ಮ. ನಿನ್ ಮರಿಗೆ ಅಪ್ಪ ಯಾರು ಅಂತ ಗೊತ್ತಾ?”

“ಗೊತ್ತಿಲ್ಲ ಅಂಕಲ್. ಸಹಿ ಹಾಕಿ.”

ನಗುತ್ತಲೇ ಹಾಕಿದರು. ನೋಟಿಸ್ ಬೋರ್ಡಿಗೆ ತಾವೇ ಪಿನ್ನು ಚುಚ್ಚಿದರು.

ಮರಿಯ ಹೆದರಿಕೆ ಬಿಡಿಸುವುದು ಹೇಗೆಂದು ನನಗೆ ತಿಳಿದಿರಲಿಲ್ಲ. ಕಲಿಸಿದ್ದು ಫಿಲೋಮಿನ ಚೇಚಿ, ನಮ್ಮಲ್ಲಿ ಅಕ್ಕ ಎನ್ನುವ ಹಾಗೆ. ಕಡಲತೀರದ ವಿಳಿಂಜಂನಿಂದ ಅಲ್ಯೂಮಿನಿಯಂ ಬೋಗುಣಿಯಲ್ಲಿ ಮೀನು ಹೊತ್ತು ತರುತ್ತಿದ್ದ ಹೆಂಗಸು. ನಾನು ಮರಿಯನ್ನು ಎತ್ತಿಕೊಂಡು ಹೋಗಿ ಆಕೆಯ ಮುಖಕ್ಕೆ ಹಿಡಿದಾಗ ಗದರಿದರು. ಹೆದರಿದವರನ್ನು ಎಳೆದುತಂದರೆ ಹೆದರಿಕೆ ಹೋಗುತ್ತದೆಯೇ ಎಂದು ಕೇಳಿದರು. ಮರಿಯನ್ನು ಕೆಳಗೆ ಬಿಡಿಸಿದರು. ತಾವು ಪಕ್ಕಕ್ಕೆ ತಿರುಗಿ ನೆಲಕ್ಕೆ ಕೂತರು. ಒಂದು ಒಣ ನೆತ್ತೋಲಿ ಮೀನನ್ನು ದೂರಕ್ಕೆ ಎಸೆದು, ರಸ್ತೆಯ ಕಡೆ ನೋಡುತ್ತ ಎಲೆಯಡಿಕೆ ಅಗಿಯತೊಡಗಿದರು. ನಾನು ಮರಿಯನ್ನೇ ನೋಡುತ್ತಿದ್ದೆ.

“ನೋಕ್ಕಂಡ ಮೋಳೆ,” ಎಂದರು. ನೋಡಬೇಡ ಮಗಳೇ.

ಅಷ್ಟೇ ವಿದ್ಯೆ. ಮೇಲೆ ಬಾಗಬಾರದು. ಕಣ್ಣಲ್ಲಿ ಕಣ್ಣಿಡಬಾರದು. ಕೈಯನ್ನು ತಲೆಯ ಮೇಲೆ ತರಬಾರದು. ಹತ್ತಿರ ಬರುವುದೋ ಬಿಡುವುದೋ ಅದೇ ತೀರ್ಮಾನಿಸಲಿ.

ನಮ್ಮದು ಸಸ್ಯಾಹಾರಿ ಮನೆ. ಮೀನಿನ ಡಬ್ಬ ಮೆಟ್ಟಿಲು ಹತ್ತಿದರೆ ನೀನೂ ಕೆಳಗೇ ಮಲಗಿಕೋ ಎಂದು ಅಮ್ಮ ಹೇಳಿದರು. ಡಬ್ಬ ಸ್ಕೂಟರ್ ಶೆಡ್ಡಿನಲ್ಲಿ ಉಳಿಯಿತು. ಪೇಪರಿನವನು, ಗ್ಯಾಸ್ ಸಿಲಿಂಡರ್ ತರುವವನು, ಕಸ ಗುಡಿಸುವ ಹೆಂಗಸು, ಯಾರೇ ಬಂದರೂ ಅವರ ಕೈಗೆ ಒಂದೊಂದು ಮೀನು ಕೊಟ್ಟು ಪಕ್ಕಕ್ಕೆ ತಿರುಗಿ ಕೂರಿಸಿದೆ. ಕೆಲವರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು. ಅಭ್ಯಾಸಕ್ಕೆ ಅಪ್ಪನನ್ನೂ ಶೆಡ್ಡಿನಲ್ಲಿ ಕೂರಿಸಿದೆ. ಪಂಚೆ ಎತ್ತಿ ಕಟ್ಟಿ, ಮೂಗು ಮುಚ್ಚಿಕೊಂಡು, ಆ ಸಹಿ ಹಾಕಿದ ಕೈಯಿಂದ ದಿನಾ ಮೀನು ಎಸೆದರು. ಪೋಸ್ಟ್‌ಮನ್ ಮಾತ್ರ ಕಷ್ಟ, ಅವನದೂ ಖಾಕಿ. ಅವನಿಗೇ ಮೂರು ವಾರ ಹಿಡಿಯಿತು. ಒಂದು ದಿನ ಬೆಲ್ಲ ಅವನ ಚೀಲವನ್ನು ಮೂಸಿ, ಅವನ ಚಪ್ಪಲಿಯ ಮೇಲೆ ಕೂತಿತು.

ನನಗೆ ಖುಷಿಯಾಗಲಿಲ್ಲವೆಂದಲ್ಲ. ಆದರೆ ನಾನು ಬೆಳಿಗ್ಗೆ ಏಳುತ್ತಿದ್ದದ್ದು ಆ ಖುಷಿಗಲ್ಲ, ಸೀಸರ್ ಸೋಲುವುದನ್ನು ನೋಡುವುದಕ್ಕೆ. ಸೀಸರ್ ಬಾಗಿಲ ಹಿಂದೆ ಬೆಳೆದ ನಾಯಿ. ಚೈನಿಲ್ಲದೆ ಒಬ್ಬ ಹೊಸಬನನ್ನೂ ಕಂಡದ್ದಲ್ಲ.

ಆ ಭಾನುವಾರ ಸಂಘದ ಇಪ್ಪತ್ತು ಮಂದಿ ಸೇರಿದ್ದರು. ವೈದ್ಯರು ಬೆಲ್ಲದ ಮುಂದೆ ನಿಂತರು. ಅದು ಅವರ ಪ್ಯಾಂಟು ಮೂಸಿತು, ಬಾಲ ಆಡಿಸಿತು, ಬೇಸರವಾಗಿ ಆಕಳಿಸಿತು. ಪಾಸು.

ಆಮೇಲೆ ಸೀಸರ್. ವೆಂಕಟರಮಣ ಅಂಕಲ್ ಚೈನು ಬಿಗಿಯಾಗಿ ಹಿಡಿದಿದ್ದರು. ವೈದ್ಯರು ನೇರ ಎದುರಿಗೆ ಬಂದು, ಬಾಗಿ, ಅದರ ಕಣ್ಣು ನೋಡುತ್ತ, ಹಸ್ತವನ್ನು ತಲೆಯ ಮೇಲೆ ತಂದರು. ಹತ್ತು ಹೆಜ್ಜೆ ದೂರದಿಂದಲೇ ನನಗೆ ತಿಳಿಯಿತು. ಸೀಸರ್ ಬಾಯಿ ಬಿಗಿದಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು. ಅದಕ್ಕೆ ಸಿಟ್ಟಿರಲಿಲ್ಲ, ಸ್ಕೂಟರಿನ ಅಡಿಯ ಮರಿಗಿದ್ದ ಹೆದರಿಕೆಯೇ ಇತ್ತು. ‘ಡಾಕ್ಟರ್, ಪಕ್ಕಕ್ಕೆ ತಿರುಗಿ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಮುಷ್ಟಿಯಲ್ಲಿ ಎರಡು ನೆತ್ತೋಲಿ ಇದ್ದವು.

ಮುಷ್ಟಿ ಬಿಚ್ಚಲಿಲ್ಲ.

ವೈದ್ಯರ ಮುಂಗೈಗೆ ನಾಲ್ಕು ಹೊಲಿಗೆ ಬಿದ್ದವು. ನೋಟಿಸ್ ಬೋರ್ಡಿನ ಮೇಲೆ ಕಾರ್ಯದರ್ಶಿಯ ಸಹಿ ಇತ್ತು. ಎಲ್ಲರೂ ಬೋರ್ಡಿನ ಕಡೆ ನೋಡಿದರು. ಎರಡು ದಿನದಲ್ಲಿ ಸೀಸರ್ ಕೊಚ್ಚಿಗೆ ಹೋಯಿತು, ಅಂಬಲಮುಗಳ್ ರಿಫೈನರಿಯಲ್ಲಿದ್ದ ಅವರ ಭಾವಮೈದುನನ ಮನೆಗೆ.

ಆ ನಾಯಿ ನನಗೇನೂ ಮಾಡಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

ನವೆಂಬರಿನಲ್ಲಿ ಒಂದು ಸಂಜೆ ವೆಂಕಟರಮಣ ಅಂಕಲ್ ನಮ್ಮ ಮನೆಗೆ ಬಂದರು. ಯಾವಾಗಲೂ ಅಪ್ಪನನ್ನು ಕರೆಸಿಕೊಳ್ಳುವವರು, ತಾವಾಗಿ ಬಂದದ್ದು ಅದೇ ಮೊದಲು. ಅಮ್ಮ ಕಾಫಿ ಕೊಟ್ಟರು. ಸೀಸರ್‌ನನ್ನು ಅಲ್ಲಿ ಕಾಂಪೌಂಡಿನ ಮೂಲೆಯಲ್ಲಿ ಕಟ್ಟಿಹಾಕಿದ್ದಾರಂತೆ. ಅನ್ನ ಹಾಕುವವರನ್ನೂ ಹತ್ತಿರ ಬಿಡುವುದಿಲ್ಲವಂತೆ. ಒಂದು ವಾರದಲ್ಲಿ ಸರಿಮಾಡದಿದ್ದರೆ ನಾಯಿ ಹಿಡಿಯುವವರನ್ನು ಕರೆಸುವುದಾಗಿ ಭಾವಮೈದುನ ಫೋನ್ ಮಾಡಿದ್ದನಂತೆ. ನಾಯಿ ಹಿಡಿಯುವವರು ಎಂಬ ಮಾತು ಅವರ ಬಾಯಲ್ಲಿ ಬಂದಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೆಂಪಿ ಅವರಿಗೆ ನೆನಪಾಗಲಿಲ್ಲ. ನೆನಪಾಗಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆನೋ ಏನೋ.

“ಗೌರಿ, ನಿನ್ ಮರಿಗೆ ಅದೇನಮ್ಮ ಮಾಡ್ದೆ? ನಂಗೂ ಸ್ವಲ್ಪ ಹೇಳ್ಕೊಡು. ಶನಿವಾರ ವೇಣಾಡ್ ರೈಲಲ್ಲಿ ಹೋಗ್ತಿದ್ದೀನಿ. ಭಾವಮೈದುನನ ಮಕ್ಕಳು ಊರಲ್ಲಿಲ್ಲ, ಅವ್ನು, ನಾನು, ಇಬ್ರೇ ಇರ್ತೀವಿ.”

ಬೆಲ್ಲ ಅವರ ಶೂ ಮೇಲೆ ತಲೆಯಿಟ್ಟು ಮಲಗಿತ್ತು. ಅವರು ಮೇಲಿನಿಂದ ತಲೆ ತಟ್ಟಿದರು, ಅದು ತಟ್ಟಿಸಿಕೊಂಡಿತು. ನಾನು ಕರೆದೆ. ಬರಲಿಲ್ಲ. ನಾನು ಕಲಿಸಿದ್ದನ್ನು ಅದು ಪೂರ್ತಿ ಕಲಿತಿತ್ತು.

“ಬರ್ಕೊಳ್ತೀರಾ ಅಂಕಲ್?” ಎಂದೆ.

ಅವರು ಜೇಬಿನಿಂದ ಆಫೀಸಿನ ಲಕೋಟೆ ತೆಗೆದರು. ಪೆನ್ನು ಸಿಗಲಿಲ್ಲ.

ಫಿಲೋಮಿನ ಚೇಚಿ ಕಲಿಸಿದ ಒಂದೊಂದನ್ನೂ ತಿರುಗಿಸಿ ಹೇಳಲು ಶುರು ಮಾಡಿದೆ. ನೇರ ಎದುರಿಗೆ ನಿಲ್ಲಬೇಕು. ಮೂಲೆಯಲ್ಲೇ ನಿಲ್ಲಿಸಬೇಕು, ತಪ್ಪಿಸಿಕೊಳ್ಳಲು ಜಾಗ ಕೊಡಬಾರದು. ಅಪ್ಪ ಪೇಪರ್ ಕೆಳಗಿಳಿಸಿದರು. ಆರು ವಾರ ನೆಲದ ಮೇಲೆ ಕೂತು ಮೀನು ಎಸೆದ ಮನುಷ್ಯ, ಅವರಿಗೆ ಎಲ್ಲ ಗೊತ್ತಿತ್ತು. ನನ್ನನ್ನು ನೋಡಿದರು. ಆಮೇಲೆ ಶರ್ಟಿನ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಮೇಲಧಿಕಾರಿಯ ಕೈಗೆ ಕೊಟ್ಟರು.

“ತಗೊಳ್ಳಿ ಸಾರ್,” ಎಂದರು. “ಅವ್ಳು ಹೇಳಿದ್ದು ಬರ್ಕೊಳ್ಳಿ.”

ಅವರು ಬರೆದುಕೊಂಡರು. ಎಲ್ಲ ಮುಗಿದ ಮೇಲೆ ಒಮ್ಮೆ ಓದಿ ಹೇಳುವಂತೆ ಕೇಳಿದೆ. ಮಗ್ಗಿ ಒಪ್ಪಿಸುವ ಹಾಗೆ ಓದಿದರು. ಎದುರಿಗೆ ನಿಲ್ಲುವುದು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಮುಖ ಹತ್ತಿರ ತಂದು ಬಾಗುವುದು. ಎರಡೂ ಕೈಗಳಿಂದ ಮೇಲಿನಿಂದ ತಲೆ ಹಿಡಿಯುವುದು.

“ಸರಿಯಾಗಿದೆ ಅಂಕಲ್,” ಎಂದೆ.