ಮುಚ್ಚಳ ತೆಗದಾಂವ

ಶಹಾಪುರದಾಗ ಯಾರನ್ನರ ಕೇಳ್ರಿ, ಈ ಸುಲ್ತಾನಸಾಬನ ಬಿರಿಯಾನಿ ಡೇಗ್, ಅಂದ್ರ ದೊಡ್ಡ ಹಂಡೆ, ಬಾಯಿ ಮುಚ್ಚಿ ಹಬೆಯ ದಮ್ಮಿಗೆ ಕುಂತಾಗ ಮುಚ್ಚಳ ಮುಟ್ಟೋ ಧೈರ್ಯ ಯಾರಿಗೂ ಇಲ್ಲ. ಒಮ್ಮೆ ಮುಚ್ಚಳ ಎತ್ತಾಕ ಬಂದ ಮದುಮಗನ ಮಾವನ್ನ ಸೌಟ ಹಿಡದು ಓಡಿಸೀನಿ. "ತಾಳ್ರಿ, ದಮ್ ಹಿಡೀರಿ" ಅಂತ ಮೂವತ್ತು ವರ್ಷ ಊರಿಗೆಲ್ಲ ಬೈದಾಂವ ನಾ.

ನನ್ನ ಮಗಳು ರುಕ್ಸಾನಾ ಸಮುದ್ರದ ದಂಡಿ ಕಡೆ ಗ್ಯಾಸ್ ಬಾವಿ ಕಂಪನಿಯೊಳಗ ಇಂಜಿನಿಯರ್. ಬಾವಿ ಒತ್ತಡದ ಲೆಕ್ಕ ಕಂಪ್ಯೂಟರಿನಾಗ ಹಾಕೋದು ಆಕಿ ಕೆಲಸ. ಒಂದು ಬಾವಿ ಗ್ಯಾಸ್ ಕಮ್ಮಿ ಕೊಡಾಕತ್ತಿತ್ತು. ಸಾಹೇಬ್ರು ಇನ್ನೂ ಜಗ್ಗಿ ಬರಲಿ ಅಂತ ವಾಲ್ವ್ ಪೂರಾ ತೆರದ್ರು. ಇನ್ನೂ ಕಮ್ಮಿ ಆತು. ಬರಿದಾತು, ಸಿಮೆಂಟ್ ಹಾಕಿ ಮುಚ್ಚೂಣು ಅಂದ್ರಂತ.

"ಬರಿದಾಗಿಲ್ಲ ಅಬ್ಬಾ," ಅಂದ್ಲು ರುಕ್ಸಾನಾ. "ಜಗ್ಗಿ ತೆರದ್ರ ಒತ್ತಡ ಇಳೀತದ. ಆಗ ಗ್ಯಾಸಿನೊಳಗಿನ ಎಣ್ಣಿ ಹನಿಯಾಗಿ ಬಾವಿ ಸುತ್ತಲಿನ ಕಲ್ಲಿನ ಸಂದ್ಯಾಗ ಕುಂಡ್ರತದ. ಹಿಂದಿನ ಗ್ಯಾಸಿಗೆ ದಾರಿನ ಇಲ್ಲ. ಹತ್ತು ದಿನ ಮುಚ್ಚಿಟ್ರ ಒತ್ತಡ ಏರಿ ಹನಿ ಮತ್ತ ಗ್ಯಾಸಾಗ್ತದ, ಆಮ್ಯಾಲ ಸಣ್ಣಗ ತೆರೀರಿ ಅಂತ ಬರದ ಕೊಟ್ಟೀನಿ, ಸಾಹೇಬ್ರು ಒಪ್ಯಾರ."

ಅಂದ್ರ ದಮ್ಮಿಗೆ ಹಾಕ್ಯಾಳ! ಶಾಬಾಸ್ ಅಂದೆ. ಆದ್ರ ಆಕಿ ಮಾರಿ ಸಪ್ಪಗಿತ್ತು.

"ಇದು ತಪ್ಪಾದ್ರ ಬಾವೀನೂ ಹೋತು, ನನ್ನ ಲೆಕ್ಕ ನಂಬೋರೂ ಇಲ್ಲ."

ಬಾವಿ ತೆರೆಯೋ ದಿನಾನ ಸುರಪುರದಾಗ ಅಮೀನುದ್ದೀನರ ಮಗಳ ಮದುವಿ. ಅಡಗಿ ನಂದು. ರುಕ್ಸಾನಾನೂ ರಜಾ ಹಾಕಿ ಬಂದಿದ್ಲು. ನಾ ಡೇಗಿನ ಅಂಚಿಗೆ ಕಣಕ ಮೆತ್ತಿ ದಮ್ಮಿಗೆ ಬಿಟ್ಟೆ. ಆಕಿ ಫೋನ್ ಹಿಡಕೊಂಡು ಬೇವಿನ ಗಿಡದ ಬುಡಕ ತಿರುಗಾಡಾಕತ್ತಿದ್ಲು. ಹನ್ನೊಂದಾತು, ಹನ್ನೆರಡಾತು, ಬಾವಿ ಕಡಿಂದ ಫೋನ್ ಇಲ್ಲ. ಯಾ ಅಲ್ಲಾ, ನನ್ನ ಜೀವ ಬಾಯಿಗೆ ಬಂತು, ಕೈ ಸುಮ್ನ ಇರವಲ್ದು! ಏನ ಮಾಡಾಕತ್ತೀನಿ ಅಂತ ತಿಳಿಯೋದ್ರಾಗ ಕಣಕ ಕಿತ್ತು ಮುಚ್ಚಳ ಎತ್ತಿದ್ದೆ. ಹಬೆ ಎಲ್ಲಾ ಹೋತು.

"ಅಬ್ಬಾ! ದಮ್ ಹಿಡೀಬೇಕಲ್ಲ!" ಅಂತ ರುಕ್ಸಾನಾ ಓಡಿ ಬಂದ್ಲು. ಅಷ್ಟರಾಗ ಫೋನ್ ಬಂತು. ಕಿವಿಗಿಟ್ಟು ಕೇಳಿದ್ಲು, ಅಲ್ಲೇ ನೆಲಕ್ಕ ಕುಂತು ಅಳಾಕತ್ತಿದ್ಲು.

"ಏನಾತ ಬೇಟಿ? ಹೇಳವ್ವಾ!"

"ಮೊದಲಿನ ಎರಡು ಪಟ್ಟು ಗ್ಯಾಸ್ ಬರಾಕತ್ತದ ಅಬ್ಬಾ. ಸಿಮೆಂಟ್ ಬ್ಯಾಡ ಅಂದ್ರು."

ಹೋದ ಜೀವ ಬಂದಂಗಾತು ನನಗ. ಆಕಿ ತಲಿ ಮ್ಯಾಲ ಕೈ ಇಟ್ಟೆ, ಕೈತುಂಬ ಕಣಕ, ಆಕಿ ಕೂದಲಕ್ಕೂ ಹತ್ತಿತು. ಇಬ್ಬರೂ ನಕ್ವಿ.

ಊಟಕ್ಕ ಪಂಕ್ತಿ ಕುಂತಿತ್ತು. ಅಮೀನುದ್ದೀನರು ಒಂದು ಅಗಳು ಬಾಯಾಗ ಹಾಕ್ಕೊಂಡು ಮಾರಿ ಕಿವಿಚಿದ್ರು.

"ಉಸ್ತಾದ, ಅಕ್ಕಿ ಬೆಂದಿಲ್ಲ, ಕಟಕಟ ಅನ್ನಾಕತ್ತದ! ಯಾವ ಬೇಕೂಫ ಮುಚ್ಚಳ ತೆಗದಾಂವ?"

ಸೌಟ ಅವರ ಕೈಗೆ ಕೊಟ್ಟೆ.

"ನಾನ ರೀ," ಅಂದೆ. "ಓಡಸ್ರಿ."