ಸಿಸೀಡ್ ಪುಟದ ಶೇಂಗಾ ಸಿಪ್ಪೆ

ನನ್ನ ಪುಟಗಳ ನಡುವೆ ಒಂದು ಶೇಂಗಾ ಸಿಪ್ಪೆ ಸಿಕ್ಕಿತು. ಧಾರವಾಡದ ಒಂದು ಬಳಗದ ಹಣೆಬರಹವೇ ಇದರಿಂದ ಬದಲಾದ ಕಾರಣ, ಸಂಗತಿಯನ್ನು ಮೊದಲಿನಿಂದ ಹೇಳಬೇಕು.

ನಾನು ಒಂದು ಇಂಗ್ಲಿಷ್–ಕನ್ನಡ ನಿಘಂಟು. ಹುಟ್ಟಿದ್ದು ಮೈಸೂರಿನ ಅಚ್ಚುಕೂಟವೊಂದರಲ್ಲಿ. ಮೊದಲು ಕೊಂಡ ಕಾಲೇಜು ಹುಡುಗಿ ಪರೀಕ್ಷೆ ಮುಗಿದೊಡನೆ ರದ್ದಿಗೆ ಹಾಕಿದಳು. ಅಲ್ಲಿಂದ ನನ್ನನ್ನು ಎತ್ತಿ ತಂದವರು ಇಬ್ಬರು ನಿವೃತ್ತರು: ಹಂಚಿನಮನಿ ಮಾಸ್ತರು, ಕಟ್ಟಿ ವಕೀಲರು. ವಾಚನಾಲಯದ ಮೂಲೆಯ ಮೇಜಿನ ಮೇಲೆ ನನ್ನನ್ನು ಕೂರಿಸಿ ಪದಬಂಧ ಬಳಗ ಕಟ್ಟಿದರು. ನಿತ್ಯ ಹತ್ತಕ್ಕೆ ಎಲ್ಲರೂ ಸೇರಿ ಇಂಗ್ಲಿಷ್ ಪತ್ರಿಕೆಯ ಪದಬಂಧ ತುಂಬುವರು. ಕಟ್ಟಳೆ ಒಂದೇ: ಹತ್ತಕ್ಕೆ ಮೊದಲು ಯಾರೂ ಅದನ್ನು ಮುಟ್ಟಕೂಡದು. ಒಳಗೊಳಗೇ ಬಿಡಿಸಿಟ್ಟುಕೊಂಡು ಬಂದು ಜಾಣನೆನಿಸಿಕೊಳ್ಳುವುದು ಅವರ ಕಣ್ಣಲ್ಲಿ ಕಳವಿಗೆ ಸಮ.

ಕಟ್ಟಿಯವರಿಗೆ ಎರಡು ವಾರದಿಂದ ಒಂದೂ ಉತ್ತರ ಹೊಳೆದಿರಲಿಲ್ಲ. ಒಂದು ದಿನ ಬೇಗನೆ ಬಂದು, ಶೇಂಗಾ ಮೆಲ್ಲುತ್ತ, ಕದ್ದು ಪದಬಂಧ ನೋಡಿದರು. ನನ್ನಲ್ಲಿ ‘ಸಿಸೀಡ್’ ಹುಡುಕಿದರು. ‘ಒಕ್ಕೂಟ, ಸಂಘ ಮುಂತಾದವುಗಳಿಂದ ವಿಧಿವತ್ತಾಗಿ ಹೊರಬೀಳು. ಪ್ರಯೋಗ: ಮೂರು ಪ್ರಾಂತಗಳು ಒಕ್ಕೂಟದಿಂದ ಸಿಸೀಡ್ ಆದವು.’ ಎಣಿಸಿದರೆ ಪದ ಚೌಕಗಳಿಗೆ ಹೊಂದಲಿಲ್ಲ. ಅಷ್ಟರಲ್ಲಿ ಹೆಜ್ಜೆ ಸಪ್ಪಳ. ನನ್ನನ್ನು ಧಪ್ಪೆಂದು ಮುಚ್ಚಿದರು.

ಹತ್ತಕ್ಕೆ ಬಳಗ ಸೇರಿದ ಮೇಲೆ ಬೇರೆ ಪದಕ್ಕಾಗಿ ಮಾಸ್ತರು ತೆರೆದಾಗ ನಾನು ಸಿಪ್ಪೆ ಇದ್ದಲ್ಲೇ ತೆರೆದುಕೊಂಡೆ. ಅವರು ಪುಟ ಓದಿದರು. ಸಿಪ್ಪೆಯನ್ನು ಬೆಳಕಿಗೆ ಹಿಡಿದರು.

“ಕಟ್ಟಿಯವರ, ಶೇಂಗಾ ತಿನ್ನೋರು ನೀವಽ ಅಲ್ಲ?”

“ಧಾರವಾಡದಾಗ ಶೇಂಗಾ ತಿನ್ನಲಾರದವರನ್ನ ತೋರಸ್ರಿ ಮಾಸ್ತರ.”

“ತಿನ್ನೋರು ಭಾಳ ಮಂದಿ. ಸಂಘ ಬಿಟ್ಟು ಹೋಗೋ ಶಬ್ದದ ಮ್ಯಾಲೆ ಸಿಪ್ಪಿ ಕೆಡವೋರು ಒಬ್ಬರಽ. ಎರಡು ವಾರ ಆತು, ಬಾಯಿ ಬಿಟ್ಟಿಲ್ಲ ನೀವು. ಹೊಸಾ ಮೇಜು ಎಲ್ಲಿ ಹಾಕೀರಿ?”

ಪದಬಂಧಕ್ಕೆಂದು ನೋಡಿದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಳ್ಳನೆನಿಸಿಕೊಳ್ಳುವುದಕ್ಕಿಂತ ಬಂಡಾಯಗಾರನೆನಿಸಿಕೊಳ್ಳುವುದರಲ್ಲಿ ವಕೀಲರಿಗೆ ಹೆಚ್ಚು ಮರ್ಯಾದೆ ಕಂಡಿತು.

“ಕಿಡಕಿ ಕಡೆ ಹಾಕೀನ್ರಿ. ಗಾಳಿ ಛಲೋ ಬರ್ತದ.”

ಬಳಗದ ಮೂವರು ಎದ್ದು ಅವರ ಹಿಂದೆ ಹೋದರು. ಮಾಸ್ತರ ತಿದ್ದುಪಡಿಗಳು ಅವರಿಗೆ ಎಂದೋ ಸಾಕಾಗಿದ್ದವಂತೆ. ಅದನ್ನು ಕೇಳಿ ಎಲ್ಲರಿಗಿಂತ ಬೆಚ್ಚಿದವರು ಕಟ್ಟಿಯವರೇ.

ಉಳಿದದ್ದು ನಾನು.

“ಅದರಾಗ ಅರ್ಧಾ ನಂದದ ಮಾಸ್ತರ.”

“ಹಂಗಾರ ಅರ್ಧಾನಽ ಒಯ್ಯಿರಿ.”

ಇಬ್ಬರೂ ಸೋಲಲಿಲ್ಲ. ಬೈಂಡಿಂಗಿನವನು ನನ್ನ ಬೆನ್ನಿಗೆ ಚಾಕು ಹಾಕಿದ. ‘ಎಮ್’ವರೆಗಿನ ನಾನು ಮಾಸ್ತರ ಮೇಜಿನಲ್ಲಿದ್ದೇನೆ, ಮಿಕ್ಕ ನಾನು, ಆ ಸಿಪ್ಪೆಯ ಕಲೆಯ ಸಮೇತ, ಕಿಟಕಿಯ ಬಳಿ. ಈಗ ಪುಟಗಳು ಹಳದಿಯಾಗಿ ಉದುರುತ್ತಿವೆ. ಒಳ್ಳೆಯ ಪದಗಳೆಲ್ಲ ಎದುರಿನ ಮೇಜಿಗೇ ಹೋದವೆಂಬ ಅನುಮಾನ ಇಬ್ಬರಿಗೂ ಇದೆ. ಕೇಳಲು ಮಾತ್ರ ಯಾರೂ ಏಳುವುದಿಲ್ಲ.

ಎರಡೂ ಮೇಜುಗಳಲ್ಲಿ ಪದಬಂಧ ಪೂರ್ತಿಯಾಗುತ್ತಿಲ್ಲ.